ಹೊಸಬರಿಗೆ ಜಾಗ ಬಿಟ್ಟುಕೊಡೋಣ: ಸಭಾಪಾಲಕರಿಗೂ ಸಭಾ ಹಿರಿಯರಿಗೂ ಒಂದು ಬಹಿರಂಗ ಪತ್ರ

ಪೂಜ್ಯ ಗುರುಗಳೇ, ಮಾನ್ಯ ಸಭಾಪಾಲಕರೇ, ಸಭಾ ಹಿರಿಯರೇ ಹಾಗೂ ಭಾನುವಾರದ ಆರಾಧನೆಗೆ ತಪ್ಪದೆ ಬರುವ ಸಹೋದರ ಸಹೋದರಿಯರೇ,

ಕರ್ತನ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ಹೊಸದಾಗಿ ಚರ್ಚಿಗೆ ಬಂದವರು ಎರಡು ಮೂರು ಭಾನುವಾರ ಕಾಣಿಸಿಕೊಂಡು ಆಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ ಎಂಬ ಬೇಸರ ಅನೇಕ ಸಭೆಗಳಲ್ಲಿ ಕೇಳಿಬರುತ್ತದೆ. ಈ ವಿಷಯ ಸಮಿತಿಯ ಮುಂದೆ ಬಂದಾಗಲೆಲ್ಲ ನಮಗೆ ಹೊಳೆಯುವ ಪರಿಹಾರ ಬಾಗಿಲಿಗೆ ಸಂಬಂಧಿಸಿದ್ದು: ಬಾಗಿಲಲ್ಲಿ ಇನ್ನಿಬ್ಬರನ್ನು ನಿಲ್ಲಿಸೋಣ, ಸ್ವಾಗತದ ಫಲಕ ಹಾಕೋಣ, ಒಂದು ಕಾರ್ಡ್ ಅಚ್ಚು ಹಾಕಿಸೋಣ. ಇವೆಲ್ಲ ಬೇಕಾದವೇ. ಆದರೆ ನಗುಮುಖದಿಂದ ಒಳಗೆ ಬರಮಾಡಿಕೊಂಡವರಿಗೆ ಒಳಗೆ ಜಾಗವೇ ಇಲ್ಲದಿದ್ದರೆ ಆ ಸ್ವಾಗತ ಹೊಸ್ತಿಲಲ್ಲೇ ಮುಗಿದುಹೋಗುತ್ತದೆ. ನಾನು ಹೇಳುತ್ತಿರುವುದು ಬೆಂಚಿನ ಮೇಲಿನ ಜಾಗವನ್ನಷ್ಟೇ ಅಲ್ಲ. ಮಾತುಕತೆಯಲ್ಲಿ, ಸೇವೆಯ ಕೆಲಸಗಳಲ್ಲಿ, ಕೊನೆಗೆ ತೀರ್ಮಾನ ತೆಗೆದುಕೊಳ್ಳುವವರ ನಡುವೆಯೂ ಸಿಗಬೇಕಾದ ಜಾಗವನ್ನು. ಅದನ್ನು ಕೊಡಬೇಕೆಂದರೆ ಈಗಾಗಲೇ ಕುಳಿತಿರುವ ನಾವು ಸ್ವಲ್ಪ ಸರಿದು ಕೂರಬೇಕಾಗುತ್ತದೆ. ಹಾಗೆ ಸರಿಯುವುದರ ಬಗ್ಗೆಯೇ ಈ ಪತ್ರ.

ಮೊದಲ ಸಲ ಬಂದವರ ಕಣ್ಣಿನಿಂದ ನಮ್ಮ ಆರಾಧನೆಯನ್ನು ಒಮ್ಮೆ ನೋಡುವಂತೆ ಕೇಳಿಕೊಳ್ಳುತ್ತೇನೆ. ಮುಂದಿನಿಂದ ಕೀರ್ತನೆಯ ಸಂಖ್ಯೆ ಕೇಳಿಬರುತ್ತದೆ. ಎದುರಿನ ಬೆಂಚಿನ ಹಿಂಬದಿಯಲ್ಲಿ ಎರಡು ಮೂರು ಪುಸ್ತಕಗಳಿವೆ. ಆ ಸಂಖ್ಯೆ ಯಾವುದರಲ್ಲಿದೆ ಎಂದು ಯಾರೂ ಹೇಳಿಲ್ಲ. ಅವರು ಆರಾಧನಾ ಕ್ರಮದ ಪುಸ್ತಕವನ್ನು ಕೈಗೆತ್ತಿಕೊಂಡು ಹಾಳೆ ತಿರುವುತ್ತಿರುವಷ್ಟರಲ್ಲಿ ಎರಡು ಚರಣ ಮುಗಿದಿರುತ್ತದೆ. ಎಲ್ಲರೂ ಎದ್ದಾಗ ಅವರು ಕುಳಿತಿರುತ್ತಾರೆ, ಅವರು ಗಮನಿಸಿ ಎದ್ದಾಗ ಉಳಿದವರು ಕೂರುತ್ತಾರೆ. ಸಭೆಯೆಲ್ಲ ಬಾಯಿಪಾಠವಾಗಿ ಒಪ್ಪಿಸುವ ವಿಶ್ವಾಸಪ್ರಮಾಣ ಅವರ ನಾಲಿಗೆಗೆ ಬರುವುದಿಲ್ಲ. ಪ್ರಕಟಣೆಯ ಹೊತ್ತಿನಲ್ಲಿ ಸ್ತ್ರೀಯರ ಕೂಟ ಎಂದಿನ ಮನೆಯಲ್ಲಿ, ಎಂದಿನ ಸಮಯಕ್ಕೆ ಎಂದು ಓದಲಾಗುತ್ತದೆ. ಆ ಮನೆ ಯಾವುದು, ಸಮಯ ಎಷ್ಟು ಎಂಬುದು ಈಗಾಗಲೇ ಗೊತ್ತಿದ್ದವರಿಗೆ ಮಾತ್ರ ಗೊತ್ತು. ಇವುಗಳಲ್ಲಿ ಒಂದೊಂದೂ ಸಣ್ಣದು, ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಒಂದೂವರೆ ಗಂಟೆಯಲ್ಲಿ ಇವೆಲ್ಲ ಒಟ್ಟುಗೂಡಿ, ಇದು ನಿಮ್ಮವರ ಜಾಗವಲ್ಲ ಎಂಬ ಮಾತನ್ನು ಬಂದವರ ಮನಸ್ಸಿಗೆ ಮುಟ್ಟಿಸಿಬಿಡುತ್ತವೆ. ಪಕ್ಕದಲ್ಲಿ ಕುಳಿತವರು ಸರಿಯಾದ ಪುಟ ತೆರೆದು ತಮ್ಮ ಪುಸ್ತಕವನ್ನೇ ಕೈಗೆ ಕೊಟ್ಟರೆ, ಆರಾಧನೆ ನಡೆಸುವವರು ಯಾವ ಪುಸ್ತಕ, ಯಾವ ಪುಟ, ಎದ್ದು ನಿಲ್ಲಬೇಕೋ ಕುಳಿತಿರಬೇಕೋ ಎಂದು ಒಂದು ಮಾತು ಸೇರಿಸಿದರೆ ಈ ತೊಡಕಿನ ಮುಕ್ಕಾಲು ಪಾಲು ಇಲ್ಲವಾಗುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಪದ್ಧತಿಯನ್ನು ನಿಲ್ಲಿಸುವಂತೆ ವಿನಂತಿಸುತ್ತೇನೆ. ಮೊದಲ ಸಲ ಬಂದವರು ದಯವಿಟ್ಟು ಎದ್ದು ನಿಂತು ನಿಮ್ಮ ಪರಿಚಯ ಮಾಡಿಕೊಳ್ಳಿ ಎಂದು ಆರಾಧನೆಯ ನಡುವೆ ಕರೆಯುವುದು ನಮಗೆ ಆದರದಂತೆ ಕಾಣಬಹುದು. ಆದರೆ ದುಃಖದಲ್ಲಿ ಬಂದವರಿಗೆ, ಸಂಕೋಚದ ಸ್ವಭಾವದವರಿಗೆ, ದೇವರ ಬಳಿ ಒಂದು ಗಳಿಗೆ ಸುಮ್ಮನೆ ಕುಳಿತು ಹೋಗೋಣವೆಂದು ಬಂದವರಿಗೆ ನೂರಾರು ಮುಖಗಳು ತಮ್ಮತ್ತ ತಿರುಗುವುದು ದೊಡ್ಡ ಹಿಂಸೆ. ಅವರ ಹೆಸರು ನಮಗೆ ಗೊತ್ತಾಗಬೇಕಾದ್ದು ಪಕ್ಕದವರೊಡನೆ ಆಡುವ ಮಾತಿನಲ್ಲಿ, ಧ್ವನಿವರ್ಧಕದಲ್ಲಿ ಅಲ್ಲ.

ಆಶೀರ್ವಾದದ ನಂತರದ ಹತ್ತು ನಿಮಿಷ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆರಾಧನೆ ಮುಗಿದ ಕೂಡಲೇ ನಾವು ನಮ್ಮ ನಮ್ಮ ಗುಂಪುಗಳಾಗಿ ನಿಲ್ಲುತ್ತೇವೆ. ವಾರವಿಡೀ ಕಾಣದ ಗೆಳೆಯರು, ಬಂಧುಗಳು, ಮುಗಿಸಬೇಕಾದ ಸಮಿತಿಯ ಮಾತು, ಎಲ್ಲವೂ ಆ ಹೊತ್ತಿಗೇ ಕಾದಿರುತ್ತವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಗುಂಪಿನಲ್ಲಿ ನಿಂತವರೆಲ್ಲ ಒಳಮುಖವಾಗಿ ನಿಂತಿರುವುದರಿಂದ ಹೊರಗಿನಿಂದ ನೋಡುವವರಿಗೆ ಕಾಣುವುದು ಬೆನ್ನುಗಳು ಮಾತ್ರ. ಹೊಸಬರು ಸೂಚನಾ ಫಲಕದ ಮುಂದೆ ಹೋಗಿ ನಿಲ್ಲುತ್ತಾರೆ. ಅಲ್ಲಿರುವ ಚೀಟಿಗಳನ್ನು ಓದುತ್ತಾರೆ, ಓದಿದ್ದನ್ನೇ ಮತ್ತೆ ಓದುತ್ತಾರೆ, ಮೊಬೈಲ್ ತೆಗೆದು ನೋಡುತ್ತಾರೆ, ಯಾರಾದರೂ ಬಂದಾರೇನೋ ಎಂದು ಒಮ್ಮೆ ಹಿಂತಿರುಗಿ ನೋಡಿ ಗೇಟಿನತ್ತ ನಡೆಯುತ್ತಾರೆ. ಬಾಗಿಲಲ್ಲಿ ಸಿಕ್ಕ ಮುಗುಳ್ನಗೆಗಿಂತ ಈ ಹತ್ತು ನಿಮಿಷದ ಒಂಟಿತನವೇ ಅವರ ಜೊತೆ ಮನೆಗೆ ಹೋಗುತ್ತದೆ. ಆದ್ದರಿಂದ ಆ ಹತ್ತು ನಿಮಿಷ ನಮ್ಮ ಆಪ್ತರಿಗಲ್ಲ, ಗುರುತಿಲ್ಲದವರಿಗೆ ಮೀಸಲು ಎಂಬ ಒಪ್ಪಂದವೊಂದನ್ನು ಪ್ರತಿ ಸಭೆಯೂ ತನ್ನೊಳಗೆ ಮಾಡಿಕೊಳ್ಳಬೇಕು. ಆಪ್ತರೊಂದಿಗೆ ಮಾತನಾಡಲು ಹನ್ನೊಂದನೆಯ ನಿಮಿಷವೂ ಇದೆ, ಇಡೀ ವಾರವೂ ಇದೆ.

ಜಾಗದ ಪ್ರಶ್ನೆ ಸಭೆಗೆ ಹೊಸದೇನಲ್ಲ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ತೋರಿಸಿ, ಕೊಳೆಯಾದ ಬಟ್ಟೆಯ ಬಡವನಿಗೆ ಅಲ್ಲೇ ನಿಂತುಕೋ ಎನ್ನುವುದು ಪಕ್ಷಪಾತವೆಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರಿಕೆಯ (ಪತ್ರದ) ಎರಡನೆಯ ಅಧ್ಯಾಯದಲ್ಲಿ ನೇರವಾಗಿಯೇ ಗದರಿದ್ದಾನೆ. ಅಂದರೆ ಮೊದಲ ಶತಮಾನದ ಸಭೆಗಳಲ್ಲೇ ಯಾರು ಎಲ್ಲಿ ಕೂರಬೇಕೆಂಬುದು ವಿಶ್ವಾಸವನ್ನು ಪರೀಕ್ಷಿಸುವ ವಿಷಯವಾಗಿತ್ತು. ಹೀಗಿದ್ದರೂ 19ನೇ ಶತಮಾನದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಅನೇಕ ಚರ್ಚುಗಳಲ್ಲಿ ಸ್ಥಿತಿವಂತ ಕುಟುಂಬಗಳು ಬಾಡಿಗೆ ಕಟ್ಟಿ ಬೆಂಚುಗಳನ್ನು ಕಾಯ್ದಿರಿಸಿಕೊಳ್ಳುತ್ತಿದ್ದವು. ಬಾಡಿಗೆ ಕಟ್ಟಲಾಗದವರು ಹಿಂದೆಯೋ ಬದಿಯಲ್ಲೋ ಉಳಿದ ಜಾಗ ನೋಡಿಕೊಳ್ಳಬೇಕಿತ್ತು. 18ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕಪ್ಪು ವರ್ಣದ ವಿಶ್ವಾಸಿಗಳನ್ನು ಆ ಜಾಗ ನಿಮ್ಮದಲ್ಲವೆಂದು ಎಬ್ಬಿಸಲು ಹೋದಾಗ, ರಿಚರ್ಡ್ ಆಲನ್ ಮತ್ತು ಅಬ್ಸಲೋಮ್ ಜೋನ್ಸ್ ಅವರೊಂದಿಗೆ ಆ ಗುಂಪೇ ಎದ್ದು ಹೊರನಡೆಯಿತು. ಆಲನ್ ಅವರ ನೇತೃತ್ವದಲ್ಲಿ 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಸಂಘಟಿತವಾದದ್ದರ ಹಿಂದೆ ಆ ಅವಮಾನವೂ ಇದೆ. ಇಂದು ಬೆಂಚಿಗೆ ಬಾಡಿಗೆ ಇಲ್ಲದಿರಬಹುದು. ಆದರೆ ಇದು ನಮ್ಮ ಮನೆಯವರು ಕೂರುವ ಜಾಗ ಎಂಬ ಪಿಸುಮಾತು ಕೇಳಿ ಎದ್ದು ಹೋಗುವವರು ಇಂದಿಗೂ ಇದ್ದಾರೆ. ತಡವಾಗಿ ಬರುವ ಹೊಸಬರಿಗೆ ಸಿಗುವುದು ಮುಂದಿನ ಸಾಲೇ. ಎಲ್ಲರ ಕಣ್ಣೆದುರು ಅಲ್ಲಿಯವರೆಗೆ ನಡೆದು ಹೋಗಲು ಎಷ್ಟು ಧೈರ್ಯ ಬೇಕು! ಹಳಬರು ಬೆಂಚಿನ ತುದಿ ಬಿಟ್ಟು ನಡುವಿಗೆ ಸರಿದರೆ, ಬಾಗಿಲ ಬಳಿಯ ಸಾಲುಗಳನ್ನು ಬಿಟ್ಟು ಮುಂದಕ್ಕೆ ಹೋದರೆ, ಗಾಲಿಕುರ್ಚಿ ನಿಲ್ಲುವಷ್ಟು ಅಗಲದ ಜಾಗವನ್ನು ಹಿಂಬದಿಯ ಗೋಡೆಗೆ ತಗುಲಿಸದೆ ಸಭೆಯ ನಡುವೆಯೇ ಬಿಟ್ಟರೆ, ಅದು ನೂರು ಫಲಕಗಳಿಗಿಂತ ಹೆಚ್ಚು ಮಾತನಾಡುತ್ತದೆ.

ಸಭಾ ಹಿರಿಯರೇ, ಮುಂದಿನದು ವಿಶೇಷವಾಗಿ ನಿಮಗೆ. ಮೊದಲ ಸಭೆಗಳ ಕಥೆ ಹೇಳುವ ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಬರುವ ಜಗಳವನ್ನು ನಾವು ಸಾಮಾನ್ಯವಾಗಿ ಸಭಾಸೇವಕರ ನೇಮಕದ ಕಥೆಯೆಂದು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಧಾನವಾಗಿ ಓದಿದರೆ ಅಲ್ಲಿರುವುದು ನಮ್ಮದೇ ಸಮಸ್ಯೆ. ಯೆರೂಸಲೇಮಿನ ಸಭೆ ಬೆಳೆಯುತ್ತಿತ್ತು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರು ಲೆಕ್ಕಕ್ಕೆ ಬಾರದೆ ಹೋಗುತ್ತಿದ್ದರು. ಬೇಕೆಂದೇ ಬಿಟ್ಟರೆಂದು ಇದನ್ನು ಬರೆದ ಲೂಕನು ಹೇಳುವುದಿಲ್ಲ. ಹಂಚುವವರಿಗೆ ಅವರ ಪರಿಚಯ ಸಾಲದೆ ಹೋಗಿರಬಹುದು. ಗುಣುಗುಟ್ಟುವಿಕೆ ಶುರುವಾದಾಗ ಅಪೊಸ್ತಲರು ಅದನ್ನು ಅವಿಶ್ವಾಸವೆಂದು ಕರೆಯಲಿಲ್ಲ, ಗುಣುಗಿದವರನ್ನು ಗದರಲಿಲ್ಲ, ಸಹನೆಯ ಉಪದೇಶವನ್ನೂ ಮಾಡಲಿಲ್ಲ. ಇಡೀ ಸಭೆಯನ್ನು ಸೇರಿಸಿ ಏಳು ಮಂದಿಯನ್ನು ಆರಿಸಲು ಹೇಳಿದರು. ಆರಿಸಲ್ಪಟ್ಟವರ ಹೆಸರುಗಳನ್ನು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟ ಗುಂಪಿನವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ಅನೇಕ ವ್ಯಾಖ್ಯಾನಕಾರರು ಇದರಿಂದ ತಿಳಿಯುತ್ತಾರೆ. ಅದರಲ್ಲೂ ಕೊನೆಯ ನಿಕೊಲಾಯನು ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಮತಾಂತರ ಹೊಂದಿ ಯೆಹೂದ್ಯರ ಸಾಲಿಗೆ ಬಂದಿದ್ದವನು. ಹೊರಗಿನಿಂದ ಬಂದವರಲ್ಲೇ ಹೊರಗಿನವನಾದ ಅವನಿಗೆ ಆ ಏಳರಲ್ಲಿ ಒಂದು ಜಾಗ ಸಿಕ್ಕಿತು.

ಈ ಮಾದರಿಯನ್ನು ನಮ್ಮ ಸಮಿತಿಗಳ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ನೋವಾಗುತ್ತದೆ. ಹೊಸದಾಗಿ ಬಂದ ಕುಟುಂಬವನ್ನು ನಾವು ವರ್ಷಗಟ್ಟಲೆ ಹೊಸಬರು ಎಂದೇ ಕರೆಯುತ್ತೇವೆ. ಅವರಿಗೆ ಕುರ್ಚಿ ಜೋಡಿಸುವ ಕೆಲಸ ಸಿಗುತ್ತದೆ, ಹಬ್ಬದ ದಿನ ಅಲಂಕಾರದ ಕೆಲಸ ಸಿಗುತ್ತದೆ; ಕಾಣಿಕೆಯ ಹಣ ಯಾವುದಕ್ಕೆ ಖರ್ಚಾಗಬೇಕು, ಆರಾಧನೆ ಎಷ್ಟು ಹೊತ್ತಿಗೆ ಶುರುವಾಗಬೇಕು ಎಂಬ ಮಾತಿನಲ್ಲಿ ಅವರ ಅಭಿಪ್ರಾಯ ಕೇಳುವ ಪರಿಪಾಠವಿಲ್ಲ. ಸೇವೆ ಮಾಡಿಸಿಕೊಂಡು ಸ್ವರ ಕೊಡದಿರುವುದನ್ನು ಸೇರಿಸಿಕೊಳ್ಳುವುದು ಎನ್ನಲಾಗದು.

ಪರಿಚಯವಿಲ್ಲದವರನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ದಮಸ್ಕದಿಂದ ಬಂದ ಸೌಲನನ್ನು, ಅಂದರೆ ಮುಂದೆ ಪೌಲನೆಂದು ಹೆಸರಾದವನನ್ನು, ಯೆರೂಸಲೇಮಿನ ಶಿಷ್ಯರು ಹತ್ತಿರ ಸೇರಿಸದೆ ಹೋದದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಅವರನ್ನು ಹಿಡಿದು ಸೆರೆಮನೆಗೆ ಹಾಕಿಸಿದವನು ಅವನು. ಆಗ ಬಾರ್ನಬನೆಂಬ ವಿಶ್ವಾಸಿಯು ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿ, ಅವನ ಪರವಾಗಿ ತಾನೇ ಮಾತನಾಡಿದನು. ಅಷ್ಟಕ್ಕೇ ಬಿಡಲಿಲ್ಲ. ಮುಂದೆ ಅಂತಿಯೋಕ್ಯದ ಸಭೆಗೆ ಬೋಧಕರು ಬೇಕಾದಾಗ ತಾರ್ಸದವರೆಗೂ ಹೋಗಿ, ಹುಡುಕಿ, ಅವನನ್ನು ಕರೆತಂದು ಒಂದು ವರ್ಷ ಜೊತೆಯಲ್ಲಿ ಕೆಲಸ ಮಾಡಿದನು. ಮೊದಮೊದಲು ಬಾರ್ನಬ ಮತ್ತು ಸೌಲ ಎಂದೇ ಬರುವ ಜೋಡಿ ಹೆಸರು ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದ ನಡುವಿನಿಂದ ಹೆಚ್ಚಾಗಿ ಪೌಲ ಮತ್ತು ಬಾರ್ನಬ ಎಂದಾಗುತ್ತದೆ. ತಾನು ಕೈಹಿಡಿದು ತಂದವನು ತನಗಿಂತ ಮುಂದೆ ಹೋದುದಕ್ಕೆ ಬಾರ್ನಬನು ಗೊಣಗಿದನೆಂದು ಎಲ್ಲಿಯೂ ಬರೆದಿಲ್ಲ. ಪ್ರತಿ ಹೊಸಬರಿಗೂ ಇಂಥ ಒಬ್ಬರು ಬೇಕು. ಕಥೋಲಿಕ ಧರ್ಮಸಭೆಯು 2ನೇ ವ್ಯಾಟಿಕನ್ ಮಹಾಸಭೆಯ ತೀರ್ಮಾನದಂತೆ ವಯಸ್ಕರ ದೀಕ್ಷಾಸ್ನಾನದ ಸಿದ್ಧತಾ ಕ್ರಮವನ್ನು 1972ರಲ್ಲಿ ಮತ್ತೆ ಜಾರಿಗೆ ತಂದಾಗ, ಅಭ್ಯರ್ಥಿಯನ್ನು ಬಲ್ಲ ಒಬ್ಬ ಜೊತೆಗಾರನು ಹಂತಹಂತವಾಗಿ ಅವರೊಡನೆ ನಿಲ್ಲಬೇಕೆಂದು ಗೊತ್ತುಮಾಡಿತು. ದೀಕ್ಷಾಸ್ನಾನ ಈಗಾಗಲೇ ಆಗಿ ಬೇರೆ ಸಭೆಯಿಂದ ಬರುವವರಿಗೂ ಅಂಥ ಜೊತೆಗಾರರನ್ನು ಕೊಡಲು ಯಾವ ಅಡ್ಡಿಯೂ ಇಲ್ಲ. ಒಂದು ಭಾನುವಾರ ಅವರು ಕಾಣದಿದ್ದರೆ ಫೋನ್ ಮಾಡಿ, ಹೇಗಿದ್ದೀರಿ ಎಂದಷ್ಟೇ ಕೇಳುವವರು. ಯಾಕೆ ಬರಲಿಲ್ಲ ಎಂದು ವಿಚಾರಣೆ ಮಾಡುವವರಲ್ಲ.

ವಿಚಾರಣೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮದುವೆಯಾಗಿದೆಯೇ, ಮಕ್ಕಳಿಲ್ಲವೇ, ಯಾವ ಕೆಲಸ, ಹಿಂದಿನ ಸಭೆ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗಳನ್ನು ನಾವು ಪ್ರೀತಿಯಿಂದಲೇ ಕೇಳುತ್ತೇವೆ. ವಿಚ್ಛೇದನದ ಗಾಯ ಆರದವರಿಗೆ, ಮಗುವನ್ನು ಕಳೆದುಕೊಂಡವರಿಗೆ, ಕೆಲಸ ಹೋದವರಿಗೆ, ಹಿಂದಿನ ಸಭೆಯಲ್ಲಿ ಅನ್ಯಾಯಕ್ಕೆ ಒಳಗಾದವರಿಗೆ ಅವು ಬೇರೆಯಾಗಿಯೇ ಕೇಳಿಸುತ್ತವೆ. ಅವರಾಗಿ ಹೇಳುವವರೆಗೆ ಕಾಯುವುದೂ ಆದರವೇ. ಅವರು ಹೇಳಿಕೊಂಡದ್ದು ಪ್ರಾರ್ಥನಾ ವಿನಂತಿಯ ಹೆಸರಿನಲ್ಲಿ ಊರಿಗೆಲ್ಲ ಹರಡಬಾರದು. ಅವರು ಬರೆದುಕೊಟ್ಟ ಫೋನ್ ನಂಬರನ್ನು ಕೇಳದೆ ಗುಂಪುಗಳಿಗೆ ಸೇರಿಸಬಾರದು.

ಕರ್ತನ ಭೋಜನದ ಹೊತ್ತು ಹೊಸಬರಿಗೆ ಅತ್ಯಂತ ಕಷ್ಟದ ಹೊತ್ತು. ಯಾರು ಪಾಲುಗೊಳ್ಳಬಹುದು ಎಂಬುದರಲ್ಲಿ ಸಭೆಗಳ ನಡುವೆ ಭೇದವಿದೆ: ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ಆಯಾ ಸಭೆಯವರಿಗೆ ಮಾತ್ರ, ಅನೇಕ ಪ್ರೊಟೆಸ್ಟಂಟ್ ಸಭೆಗಳಲ್ಲಿ ದೀಕ್ಷಾಸ್ನಾನ ಹೊಂದಿದ ಎಲ್ಲರಿಗೂ ಆಹ್ವಾನವಿರುತ್ತದೆ. ಈ ನಿಯಮಗಳನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಅವು ಗಂಭೀರವಾದ ನಂಬಿಕೆಯಿಂದ ಬಂದವು. ಆದರೆ ನಿಯಮವನ್ನು ಮೊದಲೇ, ಮೃದುವಾಗಿ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಪಾಲುಗೊಳ್ಳದವರು ಏನು ಮಾಡಬೇಕೆಂಬುದನ್ನೂ ಹೇಳಬೇಕು: ಕುಳಿತಲ್ಲೇ ಪ್ರಾರ್ಥಿಸಬಹುದೋ, ಕೆಲವು ಸಭೆಗಳಲ್ಲಿರುವಂತೆ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ಬಂದು ಆಶೀರ್ವಾದ ಪಡೆಯಬಹುದೋ ಎಂದು. ಸಾಲಿನಲ್ಲಿ ಮುಂದೆ ಬಂದು ನಿಂತ ಮೇಲೆ ಇಲ್ಲವೆಂದು ತಲೆಯಾಡಿಸುವಷ್ಟು ನೋಯಿಸುವ ಕ್ಷಣ ಬೇರೊಂದಿಲ್ಲ.

ಭಾಷೆ ಬಾರದವರ ವಿಷಯದಲ್ಲಿ ಹಿಂದಿನವರು ನಮಗಿಂತ ಮುಂದಿದ್ದರು. 4ನೇ ಶತಮಾನದ ಕೊನೆಯಲ್ಲಿ ಯೆರೂಸಲೇಮಿಗೆ ಯಾತ್ರೆ ಹೋದ ಎಗೇರಿಯಾ ಎಂಬ ಮಹಿಳೆ ತಾನು ಕಂಡದ್ದನ್ನು ಬರೆದಿಟ್ಟಿದ್ದಾಳೆ. ಅಲ್ಲಿ ಬಿಷಪರು ಗ್ರೀಕ್ ಭಾಷೆಯಲ್ಲೇ ಮಾತನಾಡುತ್ತಿದ್ದರು. ಒಬ್ಬ ಗುರುಗಳು ಪಕ್ಕದಲ್ಲಿ ನಿಂತು ಅದನ್ನು ಸಿರಿಯಕ್ ಭಾಷೆಯಲ್ಲಿ ಹೇಳುತ್ತಿದ್ದರು. ಲ್ಯಾಟಿನ್ ಮಾತ್ರ ಬಲ್ಲವರು ಬೇಸರಪಡದಿರಲೆಂದು ಗ್ರೀಕ್ ಮತ್ತು ಲ್ಯಾಟಿನ್ ಎರಡೂ ಬಲ್ಲ ಸಹೋದರ ಸಹೋದರಿಯರು ಅವರಿಗೆ ವಿವರಿಸುತ್ತಿದ್ದರು. ಇದಕ್ಕೆ ಯಂತ್ರವೂ ಬೇಕಿಲ್ಲ, ಹಣವೂ ಬೇಕಿಲ್ಲ. ಪಕ್ಕದಲ್ಲಿ ಕೂರಲು ಒಬ್ಬರು ಒಪ್ಪಿದರೆ ಆಯಿತು.

ಎಚ್ಚರವೂ ಬೇಕು, ಅದನ್ನು ಮರೆಮಾಚಿ ಬರೆದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಬಹಳ ಹಳೆಯ ಸಭಾ ನಿಯಮಗಳ ಸಂಗ್ರಹವಾದ ಡಿಡಖೆಯು ಕರ್ತನ ಹೆಸರಿನಲ್ಲಿ ಬರುವ ಪ್ರತಿಯೊಬ್ಬರನ್ನೂ ಸೇರಿಸಿಕೊಳ್ಳಿ, ಅನಂತರ ಪರೀಕ್ಷಿಸಿ ತಿಳಿದುಕೊಳ್ಳಿ ಎನ್ನುತ್ತದೆ. ದಾರಿಹೋಕನಾದರೆ ಎರಡು ದಿನ, ಅಗತ್ಯವಿದ್ದರೆ ಮೂರು ದಿನ ಇರಲಿ. ನೆಲೆಸಲು ಬಯಸಿದರೆ ದುಡಿದು ತಿನ್ನಲಿ ಎಂದೂ ಹೇಳುತ್ತದೆ. ಸೇರಿಸಿಕೊಳ್ಳುವುದು ಮೊದಲು, ಪರೀಕ್ಷೆ ಆಮೇಲೆ ಎಂಬ ಆ ಕ್ರಮ ನನಗೆ ಬಹಳ ಸರಿಯೆನಿಸುತ್ತದೆ. ಮಕ್ಕಳ ಹೊಣೆ, ಹಣದ ಹೊಣೆಗಳನ್ನು ಮಾತ್ರ ಯಾರಿಗೇ ಆಗಲಿ ವಿಚಾರಿಸದೆ ಕೊಡಬಾರದು. ಭಾನುವಾರ ಶಾಲೆಯಲ್ಲಿ ಯಾರೊಬ್ಬರೂ ಒಂಟಿಯಾಗಿ ಮಕ್ಕಳೊಂದಿಗೆ ಇರಬಾರದೆಂಬ ನಿಯಮ ಹಳಬರಿಗೂ ಹೊಸಬರಿಗೂ ಒಂದೇ ಆಗಿರಲಿ. ಆಗ ಅದು ಅನುಮಾನವೆನಿಸದು, ಶಿಸ್ತು ಎನಿಸುತ್ತದೆ.

ಹಳಬರ ಅಳಲನ್ನೂ ನಾನು ಬಲ್ಲೆ. ಈ ಕಟ್ಟಡಕ್ಕೆ ಕಲ್ಲು ಹೊತ್ತವರು, ಕಷ್ಟದ ವರ್ಷಗಳಲ್ಲಿ ಸಭೆಯನ್ನು ಬಿಡದೆ ಹಿಡಿದು ನಿಂತವರು, ತಮಗೆ ಗೊತ್ತಿದ್ದ ರಾಗ ಬದಲಾದಾಗ, ತಮ್ಮ ಜಾಗದಲ್ಲಿ ಬೇರೆಯವರು ಕುಳಿತಾಗ ಏನನ್ನೋ ಕಳೆದುಕೊಂಡಂತೆ ಸಂಕಟಪಡುತ್ತಾರೆ. ಅವರಿಗೆ ಹೇಳದೆ ಕೇಳದೆ ಎಲ್ಲವನ್ನೂ ಬದಲಿಸುವುದು ಇನ್ನೊಂದು ಬಗೆಯ ಅನಾದರ. ಹೊಸಬರಿಗೆ ಜೊತೆಗಾರರಾಗಲು ಇವರಿಗಿಂತ ತಕ್ಕವರು ಯಾರಿದ್ದಾರೆ? ಸಭೆಯ ನೆನಪೆಲ್ಲ ಇವರಲ್ಲೇ ಇದೆ. 6ನೇ ಶತಮಾನದ ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯಲ್ಲಿ ಮಠದ ಬಾಗಿಲು ಕಾಯಲು ವಿವೇಕಿಯಾದ ಒಬ್ಬ ವೃದ್ಧನನ್ನೇ ನೇಮಿಸಬೇಕೆಂದರು. ಅವನು ಬಾಗಿಲು ತಟ್ಟಿದವರಿಗೆ ದೇವರಿಗೆ ಸ್ತೋತ್ರ ಎಂದು ಉತ್ತರ ಕೊಟ್ಟು, ತಡಮಾಡದೆ ಪ್ರೀತಿಯಿಂದ ವಿಚಾರಿಸಬೇಕು. ಅತಿಥಿಗಳನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಅವರೇ ಹೇಳಿದ್ದು ಬಹಳ ಜನರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ 61ನೇ ಅಧ್ಯಾಯ ನನಗೆ ಇನ್ನೂ ಹೆಚ್ಚು ಇಷ್ಟ. ಬೇರೆಡೆಯಿಂದ ಬಂದ ಸನ್ಯಾಸಿಯೊಬ್ಬನು ದೀನತೆಯಿಂದ, ಪ್ರೀತಿಯಿಂದ ಮಠದ ಲೋಪವೊಂದನ್ನು ತೋರಿಸಿದರೆ ಮಠಾಧಿಪತಿಯು ಅದನ್ನು ವಿವೇಕದಿಂದ ಯೋಚಿಸಬೇಕು, ಕರ್ತನು ಅವನನ್ನು ಅದಕ್ಕಾಗಿಯೇ ಕಳುಹಿಸಿರಬಹುದು ಎನ್ನುತ್ತಾರೆ ಅವರು. ನಮ್ಮ ಧ್ವನಿವರ್ಧಕ ಹಿಂದಿನ ಸಾಲಿಗೆ ಕೇಳುವುದಿಲ್ಲವೆಂಬುದು, ಪ್ರಕಟಣೆಗಳು ಅರ್ಥವಾಗುವುದಿಲ್ಲವೆಂಬುದು ನಮಗಲ್ಲ, ಹೊಸಬರಿಗೇ ಮೊದಲು ಗೊತ್ತಾಗುವುದು.

ಕ್ರಿಸ್ಮಸ್ ಮತ್ತು ಈಸ್ಟರ್ ಸಮಯದಲ್ಲಿ ಹೊಸ ಮುಖಗಳು ಹೆಚ್ಚಾಗಿ ಬರುತ್ತವೆ. ಆದ್ದರಿಂದ ಮುಂದಿನ ಹಬ್ಬಕ್ಕೆ ಮುಂಚೆ ಸೇರುವ ಸಮಿತಿಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಕೊನೆಯಲ್ಲಲ್ಲ, ಮೊದಲಲ್ಲೇ ಇಡಬೇಕೆಂದು ಕೋರುತ್ತೇನೆ. ಕಳೆದ ವರ್ಷ ಬಂದವರಲ್ಲಿ ಯಾರು ಉಳಿದಿದ್ದಾರೆ, ಯಾರು ಇಲ್ಲ ಎಂದು ಹೆಸರು ಹೆಸರಾಗಿ ನೋಡಿ. ಉಳಿದವರಲ್ಲಿ ಇಬ್ಬರನ್ನು ಆ ಕೂಟಕ್ಕೆ ಕರೆದು, ಅವರಿಗೆ ಮೊದಲು ಮಾತನಾಡಲು ಬಿಟ್ಟು, ಅವರು ಮುಗಿಸುವವರೆಗೆ ಸಮರ್ಥನೆಯ ಮಾತಾಡದೆ ಕೇಳಿ. ಬಾರದೆ ಹೋದವರನ್ನು ತಾರ್ಸಕ್ಕೆ ಹೋದ ಬಾರ್ನಬನಂತೆ ಹುಡುಕಿಕೊಂಡು ಹೋಗಲು ಯಾರು ಯಾರು ಸಿದ್ಧರಿದ್ದೀರಿ ಎಂಬುದನ್ನು ಅದೇ ದಿನ ಬರೆದುಕೊಳ್ಳಿ. ಸಮಿತಿಯ ಮುಂದಿನ ಆಯ್ಕೆಯಲ್ಲಿ ಈಚೆಗೆ ಸೇರಿದವರಿಗೂ ಸ್ಥಾನವಿರಲಿ; ಅದಕ್ಕಾಗಿ ಬಹುಕಾಲದಿಂದ ಅಲ್ಲಿರುವ ಹಿರಿಯರೊಬ್ಬರು ತಾವಾಗಿಯೇ ತಮ್ಮ ಸ್ಥಾನವನ್ನು ಬಿಟ್ಟುಕೊಡುವಂತಾಗಲಿ.

ಇಂತಿ,
ಭಾನುವಾರದ ಆರಾಧನೆಗೆ ನಿಮ್ಮೊಡನೆ ಬರುವ ಒಬ್ಬ ಸಭಿಕ